ರೇಸ್ ಕೋರ್ಸಿನೊಳಗೆ ಸ್ಲಾಟ್ ಮಷಿನ್ ಇಟ್ಟರೆ ಕುದುರೆ ರೇಸು ಉಳಿದೀತೇ?

ತಿಲಕವಾಡಿ ಮಾಸ್ತರ (ಬೆಳಗಾವಿ)

ಕುದುರೆ ರೇಸಿನ ಪಣದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರ ಬದಲು 40 ಆಗಿದೆ. ಅಂದಿನಿಂದ, ಪುಣೆ ಮತ್ತು ಬೆಂಗಳೂರಿನ ರೇಸುಗಳನ್ನು ಬಲ್ಲ ನಮ್ಮೂರಿನ ಕೆಲವರು ಒಂದು ವಾದವನ್ನು ಪದೇ ಪದೇ ಮುಂದಿಡುತ್ತಿದ್ದಾರೆ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದರೆ ಸ್ಲಾಟ್ ಮಷಿನ್, ಅಂದರೆ ಹಣ ಹಾಕಿ ಗುಂಡಿ ಒತ್ತಿ ಆಡುವ ಜೂಜಿನ ಯಂತ್ರ, ಕಾನೂನುಬದ್ಧವಾಗಿಯೇ ಇದೆ. ವಾರಾಂತ್ಯದಲ್ಲಿ ಪಣಜಿಗೆ ಹೋಗಿ ಹಣ ಹಾಕಿ ಬರುವವರಲ್ಲಿ ಬೆಳಗಾವಿಯವರೂ ಇದ್ದಾರೆ. ಅದೇ ಯಂತ್ರಗಳನ್ನು ರೇಸ್ ಕೋರ್ಸಿನ ಆವರಣದಲ್ಲಿ ಮಾತ್ರ ಇಡಲು ಕರ್ನಾಟಕ ಸರ್ಕಾರ ಅನುಮತಿ ಕೊಟ್ಟು, ಬರುವ ಆದಾಯದಲ್ಲಿ ಒಂದು ಪಾಲನ್ನು ಓಟದ ಬಹುಮಾನಕ್ಕೆ ಸೇರಿಸಿದರೆ, ಸೊರಗುತ್ತಿರುವ ಕುದುರೆ ರೇಸು ಚೇತರಿಸಿಕೊಳ್ಳುತ್ತದೆ ಎಂಬುದು ಅವರ ಮಾತು. ಇಂಥ ಪ್ರಸ್ತಾವ ಸರ್ಕಾರದ ಮುಂದಿದೆ ಎಂದು ನಾನು ಹೇಳುತ್ತಿಲ್ಲ. ಇದು ಹರಟೆಯಲ್ಲಿ ಹುಟ್ಟಿದ ವಾದ. ಆದರೆ ಹರಟೆಗಿಂತ ಹೆಚ್ಚಿನ ಪರಿಶೀಲನೆಗೆ ಅರ್ಹವಾದ ವಾದ.

ರೇಸು ಸೊರಗಿರುವುದರಲ್ಲಿ ಅನುಮಾನವಿಲ್ಲ. ವಾಣಿಜ್ಯಶಾಸ್ತ್ರ ಪಾಠ ಮಾಡಿದವನಾದ್ದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ. ಟೋಟಿನಲ್ಲಿ, ಅಂದರೆ ರೇಸ್ ಕ್ಲಬ್ಬಿನ ಕೌಂಟರಿನಲ್ಲಿ ಕಟ್ಟುವ ಸಾಮೂಹಿಕ ಪಣದಲ್ಲಿ, ಆಡುವವರು ಕ್ಲಬ್ಬಿನ ವಿರುದ್ಧ ಆಡುವುದಿಲ್ಲ, ಒಬ್ಬರ ವಿರುದ್ಧ ಒಬ್ಬರು ಆಡುತ್ತಾರೆ. ಎಲ್ಲರ ಹಣ ಒಂದೆಡೆ ಕೂಡುತ್ತದೆ, ಕ್ಲಬ್ಬು ತನ್ನ ಪಾಲನ್ನು ತೆಗೆದುಕೊಂಡು ಮಿಕ್ಕದ್ದನ್ನು ಗೆದ್ದವರಿಗೆ ಹಂಚುತ್ತದೆ. ಉದಾಹರಣೆಗೆ, ಕ್ಲಬ್ಬಿನ ಪಾಲು ನೂರಕ್ಕೆ 20 ಎಂದು ಹಿಡಿಯೋಣ. ತೆರಿಗೆ ಬೀಳುವುದು ಆ 20 ರೂಪಾಯಿಯ ಮೇಲಲ್ಲ, ಪೂರ್ಣ 100 ರೂಪಾಯಿಯ ಮೇಲೆ. ಹೀಗಾಗಿ ಆಡುವವರು 140 ರೂಪಾಯಿ ಕೊಟ್ಟರೆ ಅವರೊಳಗೆ ಮರಳಿ ಹಂಚಿಕೆಯಾಗುವುದು 80 ರೂಪಾಯಿ. ಅದೇ ಓಟದ ಮೇಲೆ ಹೊರಗಿನ ಬುಕ್ಕಿ ತೆರಿಗೆಯಿಲ್ಲದೆ, ರಸೀದಿಯಿಲ್ಲದೆ, ಫೋನಿನಲ್ಲೇ ಪಣ ತೆಗೆದುಕೊಳ್ಳುತ್ತಾನೆ. ಇಂಥ ಸ್ಥಿತಿಯಲ್ಲಿ ಕೌಂಟರಿಗೆ ಯಾರು ಬರುತ್ತಾರೆ?

ರೋಗವಿರುವುದು ನಿಜವಾದರೂ, ಸ್ಲಾಟ್ ಮಷಿನ್ ಅದಕ್ಕೆ ಔಷಧವೇ ಎಂಬುದು ನನ್ನ ಪ್ರಶ್ನೆ. ಜೂಜು ಕೆಟ್ಟದ್ದು ಎಂಬ ಉಪದೇಶ ಎಲ್ಲರಿಗೂ ಗೊತ್ತಿರುವುದರಿಂದ ದಯವಿಟ್ಟು ಅದನ್ನು ಬದಿಗಿಟ್ಟು, ಯಂತ್ರದ ಹಣದಿಂದ ರೇಸಿಗೆ ಏನಾಗುತ್ತದೆ ಎಂಬುದನ್ನಷ್ಟೇ ಬರೆಯಬೇಕಾಗಿ ವಿನಂತಿ.

ಖಾನಾಪುರ ರಸ್ತೆಯ ಅಕ್ಕ

ಮಾಸ್ತರರೇ, ನಾನು ಗೋವಾದ ಒಂದು ಹೋಟೆಲಿನ ಕ್ಯಾಸಿನೊದಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವಳು. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಅವಕಾಶ ಕೊಟ್ಟಿತು. ಮಾಂಡವಿ ನದಿಯ ಹಡಗುಗಳಿಗೆ ಅವಕಾಶ ಬಂದದ್ದು 1996ರ ತಿದ್ದುಪಡಿಯಿಂದ. ಅಂದರೆ ಮೊದಲು ಒಳಗೆ ಬಂದದ್ದು ಇಸ್ಪೀಟಿನ ಮೇಜಲ್ಲ, ಯಂತ್ರ.

ಆ ಯಂತ್ರದ ಮುಂದೆ ಕುಳಿತವರನ್ನು ಗಮನಿಸಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಕ್ಯಾಸಿನೊದ ಕೋಣೆಯಲ್ಲಿ ಗಡಿಯಾರವಿರುವುದಿಲ್ಲ, ಕಿಟಕಿ ಇರುವುದಿಲ್ಲ. ಆಡುವವರ ಬಲಗೈ ಗುಂಡಿಯ ಮೇಲೆ, ಎಡಗೈ ಗ್ಲಾಸಿನ ಮೇಲೆ. ಮೂರು ಚಿತ್ರ ಒಂದೇ ಸಾಲಿಗೆ ಬಂದರೆ ಗೆಲುವು; ಮೂರನೆಯದು ಒಂದು ಗೆರೆ ಮೇಲೆ ನಿಂತುಹೋದಾಗ "ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು" ಎಂದು ಬಾಯಿಂದ ಮಾತು ಬರುವ ಮೊದಲೇ ಬೆರಳು ಮತ್ತೆ ಗುಂಡಿ ಒತ್ತಿರುತ್ತದೆ. ಪ್ರತಿ ಒತ್ತಿನ ಫಲಿತಾಂಶವನ್ನೂ ಒಳಗಿನ ಸಂಖ್ಯೆಗಳ ಪ್ರೋಗ್ರಾಂ ಸ್ವತಂತ್ರವಾಗಿ ನಿರ್ಧರಿಸುತ್ತದೆ. ಹಿಂದಿನ ಸೋಲಿಗೂ ಮುಂದಿನ ಗೆಲುವಿಗೂ ಸಂಬಂಧವಿಲ್ಲ. "ಸ್ವಲ್ಪದರಲ್ಲಿ ತಪ್ಪಿತು" ಎಂಬುದಕ್ಕೆ ಅಲ್ಲಿ ಅರ್ಥವೇ ಇಲ್ಲ, ಆದರೆ ಆಡುವವರನ್ನು ಕುರ್ಚಿಯಲ್ಲಿ ಕೂರಿಸುವುದು ಆ ಭಾವನೆಯೇ.

ಮಾಸ್ತರರ ಲೆಕ್ಕದ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಿ. ಹತ್ತು ರೂಪಾಯಿಯ ಒಂದು ಒತ್ತು, ಆರು ಸೆಕೆಂಡಿಗೆ ಒಂದರಂತೆ ಗಂಟೆಗೆ 600 ಒತ್ತು. ಯಂತ್ರ ನೂರಕ್ಕೆ 90 ಮರಳಿಸುತ್ತದೆ ಎಂದು ಹಿಡಿದರೂ ಗಂಟೆಗೆ 6,000 ರೂಪಾಯಿ ತಿರುಗಿ 600 ರೂಪಾಯಿ ಕರಗುತ್ತದೆ. ರೇಸಿನಲ್ಲಿ ಎರಡು ಓಟಗಳ ನಡುವೆ ಅರ್ಧ ಗಂಟೆ ಬಿಡುವಿರುತ್ತದೆ. ಒಂದು ಮಧ್ಯಾಹ್ನದ ಎಂಟು ಓಟಗಳಿಗೆ ನೂರು ನೂರು ರೂಪಾಯಿ ಕಟ್ಟಿದವನು, ತೆರಿಗೆ ಬಿಟ್ಟು, ಸರಾಸರಿ 160 ರೂಪಾಯಿ ಕಳೆದುಕೊಳ್ಳುತ್ತಾನೆ. ನೂರಕ್ಕೆ ಎಷ್ಟು ಹಿಡಿಯುತ್ತಾರೆ ಎಂದು ನೋಡಿದರೆ ಯಂತ್ರ ಉದಾರಿಯಂತೆ ಕಾಣುತ್ತದೆ; ಗಂಟೆಗೆ ಎಷ್ಟು ಹೋಗುತ್ತದೆ ಎಂದು ನೋಡಿದರೆ ಮಾತ್ರ ಅದರ ನಿಜವಾದ ಬೆಲೆ ತಿಳಿಯುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕ್ಯಾಸಿನೊದಲ್ಲಿ ಜಿಎಸ್‌ಟಿ ಲೆಕ್ಕ ಹಾಕುವುದು ಗಿರಾಕಿ ಮೊದಲು ಕೊಟ್ಟ ಹಣದ ಮೇಲೆ ಮಾತ್ರ; ಗೆದ್ದ ಹಣವನ್ನು ಮತ್ತೆ ಆಡಿದರೆ ಅದಕ್ಕೆ ಪುನಃ ತೆರಿಗೆಯಿಲ್ಲ ಎಂದು 2023ರಲ್ಲಿ ತೀರ್ಮಾನವಾಗಿದೆ. ರೇಸಿನಲ್ಲಿ ಪ್ರತಿ ಪಣಕ್ಕೂ ತೆರಿಗೆ ಬೀಳುತ್ತದೆ. ಒಂದೇ ಗೇಟಿನೊಳಗೆ ಎರಡನ್ನೂ ಇಟ್ಟರೆ, ಒಂದು ಸಾವಿರ ರೂಪಾಯಿ ಹಿಡಿದು ಬಂದವನಿಗೆ ಯಂತ್ರದ ಮುಂದೆ ಒಂದೇ ಸಲ ತೆರಿಗೆ, ಕುದುರೆಯ ಕಡೆ ಹೋದರೆ ಓಟಕ್ಕೊಂದು ಸಲ. ಯಾವ ಕಡೆ ಕಾಲು ಎಳೆಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇಳಕಲ್ಲಿನವ, ಈಗ ಪೆನ್ಸಿಲ್ವೇನಿಯಾ

ಈ ಪ್ರಯೋಗವನ್ನು ಅಮೆರಿಕ ಮೂವತ್ತು ವರ್ಷಗಳಿಂದ ಮಾಡುತ್ತಿದೆ, ಆದ್ದರಿಂದ ನಾವು ಊಹೆಯ ಮೇಲೆ ವಾದಿಸಬೇಕಾದ ಅಗತ್ಯವಿಲ್ಲ. ಮೊದಲು ಪರವಾಗಿರುವ ಸಂಗತಿಯನ್ನೇ ಹೇಳುತ್ತೇನೆ. ಅಯೋವಾ ರಾಜ್ಯದ ಪ್ರೇರಿ ಮೆಡೋಸ್ ರೇಸ್ ಕೋರ್ಸ್ 1989ರಲ್ಲಿ ಆರಂಭವಾಗಿ 1991ರಲ್ಲೇ ದಿವಾಳಿಯ ಅರ್ಜಿ ಹಾಕಿತ್ತು. 1995ರಲ್ಲಿ ಅಲ್ಲಿಗೆ ಸ್ಲಾಟ್ ಯಂತ್ರಗಳು ಬಂದವು, ಸಾಲ ತೀರಿತು, ಇಂದಿಗೂ ಅಲ್ಲಿ ಕುದುರೆಗಳು ಓಡುತ್ತಿವೆ. ಅದೇ ವರ್ಷದ ಕೊನೆಯಲ್ಲಿ ಡೆಲವೇರ್ ರಾಜ್ಯವೂ ರೇಸ್ ಕೋರ್ಸುಗಳಲ್ಲಿ ಯಂತ್ರ ಇಟ್ಟಿತು. ನಾನಿರುವ ಪೆನ್ಸಿಲ್ವೇನಿಯಾದಲ್ಲಿ 2004ರ ಕಾಯ್ದೆಯ ಹೆಸರಿನಲ್ಲೇ ಓಟದ ಕುದುರೆಗಳ ಅಭಿವೃದ್ಧಿ ಎಂಬ ಮಾತಿದೆ. ಸ್ಲಾಟ್ ಆದಾಯದ ಒಂದು ಭಾಗ ಬಹುಮಾನಕ್ಕೂ ತಳಿ ಸಾಕಣೆಗೂ ಹೋಗುತ್ತದೆ. ಬಹುಮಾನದ ಮೊತ್ತ ಏರಿದ್ದು ನಿಜ. ಕುದುರೆ ಸಾಕುವವರು ಉಳಿದದ್ದೂ ನಿಜ.

ಹಾಗಿದ್ದೂ ಗ್ಯಾಲರಿ ತುಂಬಲಿಲ್ಲ. ಹೊಸ ಬಹುಮಾನದ ಹಣ ಬಂದದ್ದು ಓಟವನ್ನು ಮೆಚ್ಚಿದವರಿಂದಲ್ಲ, ಓಟ ನಡೆಯುತ್ತಿದೆ ಎಂಬುದೇ ಗೊತ್ತಿಲ್ಲದವರಿಂದ. ಹೀಗಾಗಿ ಓಟವನ್ನು ಚೆನ್ನಾಗಿ ನಡೆಸಬೇಕು, ಹೊಸ ನೋಡುಗರನ್ನು ತರಬೇಕು ಎಂಬ ಒತ್ತಡ ಆಡಳಿತದ ಮೇಲೆ ಉಳಿಯಲಿಲ್ಲ.

ಇದರ ಕೆಟ್ಟ ಪರಿಣಾಮ ಕಂಡದ್ದು ನ್ಯೂಯಾರ್ಕಿನ ಅಕ್ವಡಕ್ಟ್ ರೇಸ್ ಕೋರ್ಸಿನಲ್ಲಿ. ಅಲ್ಲಿ ಕ್ಯಾಸಿನೊ ಬಾಗಿಲು ತೆರೆದದ್ದು 2011ರ ಅಕ್ಟೋಬರಿನಲ್ಲಿ. ಆ ವರ್ಷದ ನವೆಂಬರ್ ಕೊನೆಯಿಂದ 2012ರ ಮಾರ್ಚ್ ನಡುವಿನ ಚಳಿಗಾಲದ ಓಟಗಳಲ್ಲಿ 21 ಕುದುರೆಗಳು ಸತ್ತವು. ತನಿಖೆಗೆ ಒಂದು ತಂಡ ನೇಮಕವಾಯಿತು. ಅಲ್ಲಿ ಕೆಳದರ್ಜೆಯ ಓಟಗಳಲ್ಲಿ ಓಡುವ ಪ್ರತಿ ಕುದುರೆಗೂ ಒಂದು ನಿಗದಿತ ಬೆಲೆ ಇರುತ್ತದೆ, ಆ ಬೆಲೆಗೆ ಯಾರು ಬೇಕಾದರೂ ಅದನ್ನು ಕೊಳ್ಳಬಹುದು. ಕ್ಯಾಸಿನೊ ಹಣದಿಂದ ಬಹುಮಾನ ಉಬ್ಬಿದಾಗ ಗೆದ್ದರೆ ಬರುವ ಹಣವೇ ಕುದುರೆಯ ಬೆಲೆಯನ್ನು ಮೀರಿಸಿತು. ಕಾಲು ನೋವಿರುವ ಕುದುರೆಗೆ ವಿಶ್ರಾಂತಿ ಕೊಡುವುದಕ್ಕಿಂತ ಇನ್ನೊಂದು ಓಟ ಓಡಿಸುವುದೇ ಲಾಭವೆಂಬ ಲೆಕ್ಕಾಚಾರ ಹುಟ್ಟಿತು. ತನಿಖಾ ತಂಡ ಈ ನಂಟನ್ನು ಎತ್ತಿ ತೋರಿಸಿತು. ಆಟಕ್ಕೆ ನೆರವಾಗಲೆಂದು ತಂದ ಹಣ ಆಟದ ಪ್ರಾಣಿಯ ಮೈಮೇಲೆಯೇ ಬಿದ್ದ ಪ್ರಸಂಗವಿದು.

ಜಮಖಂಡಿ ಮಂದಿ

ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ನಾನು ಇನ್ನೊಂದು ಕಡೆ ನಿಲ್ಲುತ್ತೇನೆ. ಇಳಕಲ್ಲಿನ ಸಹೋದರರು ತಾವೇ ಒಪ್ಪಿದ್ದಾರೆ: ಬಹುಮಾನ ಹೆಚ್ಚಿತು, ಸಾಕುವವರು ಉಳಿದರು. ರೇಸೆಂದರೆ ಕೋಟು ತೊಟ್ಟ ಮಾಲೀಕರು ಮಾತ್ರವಲ್ಲ. ಬೆಳಗಿನ ಜಾವ ಎದ್ದು ಕುದುರೆಯ ಮೈ ತಿಕ್ಕುವ ಸೈಸ್‌ಗಳು, ನಾಲ ಬಡಿಯುವವರು, ಹುಲ್ಲು ಪೂರೈಸುವ ರೈತರು, ಸವಾರಿ ಕಲಿಯುವ ಹುಡುಗರು, ಪಶುವೈದ್ಯರು, ಕುಣಿಗಲ್ಲಿನಂಥ ಹಳೆಯ ಕುದುರೆ ಫಾರ್ಮುಗಳು, ಇವೆಲ್ಲ ಬಹುಮಾನದ ಮೊತ್ತವನ್ನೇ ನೆಚ್ಚಿಕೊಂಡಿವೆ. 2024ರಲ್ಲಿ ಪರವಾನಗಿಯ ವಿವಾದದಿಂದ ಬೆಂಗಳೂರಿನಲ್ಲಿ ಓಟಗಳು ಕೆಲಕಾಲ ನಿಂತಾಗ ತೊಂದರೆಗೆ ಸಿಕ್ಕವರು ಇವರೇ. ಗ್ಯಾಲರಿ ಖಾಲಿ ಇದ್ದರೂ ಇವರ ಒಲೆ ಉರಿದರೆ ಸಾಲದೇ? ಸರ್ಕಾರದ ಅನುದಾನದಿಂದ ನಡೆಯುವ ಎಷ್ಟೋ ಕಲೆಗಳಿಗೂ ನೋಡುಗರಿಲ್ಲ. ಅವನ್ನು ನಾವು ಸತ್ತವೆಂದು ಕರೆಯುವುದಿಲ್ಲ.

ಮತ್ತೊಂದು ಮಾತು. ನಮ್ಮ ಜನರ ಹಣ ಹೇಗೂ ಗೋವಾಕ್ಕೆ ಹೋಗುತ್ತಿದೆ. ಆ ಸರ್ಕಾರ 2020ರ ಫೆಬ್ರವರಿಯಿಂದ ತನ್ನ ನಿವಾಸಿಗಳಿಗೆ ಕ್ಯಾಸಿನೊ ಪ್ರವೇಶವನ್ನೇ ನಿಷೇಧಿಸಿದೆ. ಅಂದರೆ ಅದು ನಿಂತಿರುವುದೇ ಹೊರಗಿನವರ ಜೇಬಿನ ಮೇಲೆ, ಅವರಲ್ಲಿ ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದವರೂ ಸೇರಿದ್ದಾರೆ. ಅಲ್ಲಿ ಹೋಗುವುದು ಇಲ್ಲಿಯೇ ಉಳಿದು ಒಂದು ಕೆಲಸಕ್ಕೆ ಬಂದರೆ ತಪ್ಪೇನು?

ತಿಲಕವಾಡಿ ಮಾಸ್ತರ (ಬೆಳಗಾವಿ)

ಜಮಖಂಡಿಯವರ ಮೊದಲ ಪ್ರಶ್ನೆ ಗಟ್ಟಿಯಾಗಿದೆ. ಅದಕ್ಕೆ ಉತ್ತರಿಸುವ ಮುನ್ನ ಏಷ್ಯಾದ ಮೂರು ಊರುಗಳನ್ನು ಎದುರಿಗಿಡುತ್ತೇನೆ.

ಸಿಂಗಪುರದಲ್ಲಿ ಕುದುರೆ ರೇಸು 1842ರಿಂದ ನಡೆದುಬಂದಿತ್ತು. 2010ರಲ್ಲಿ ಅಲ್ಲಿ ಎರಡು ಕ್ಯಾಸಿನೊಗಳು ತೆರೆದವು. ರೇಸಿನ ದಿನ ಬರುತ್ತಿದ್ದ ನೋಡುಗರ ಸರಾಸರಿ ಸಂಖ್ಯೆ ಆ ವರ್ಷ ಸುಮಾರು 11,000 ಇದ್ದದ್ದು 2019ರ ಹೊತ್ತಿಗೆ ಸುಮಾರು 6,000ಕ್ಕೆ ಇಳಿಯಿತು. ಕೊನೆಯ ಓಟ ನಡೆದದ್ದು 2024ರ ಅಕ್ಟೋಬರ್ 5ರಂದು. ಆ ನೆಲವನ್ನು ಸರ್ಕಾರ ವಸತಿಗೆಂದು ಹಿಂದಕ್ಕೆ ಪಡೆಯುತ್ತಿದೆ. ಮಕಾವ್ ಅಂತೂ ಜಗತ್ತಿನ ದೊಡ್ಡ ಜೂಜಿನ ಊರು. ಅಲ್ಲಿನ ನಾಯಿ ಓಟದ ಅಂಗಳ 2018ರಲ್ಲಿ ಮುಚ್ಚಿತು, ಕುದುರೆ ಓಟ 2024ರ ಮಾರ್ಚ್ 30ರಂದು ಕೊನೆಗೊಂಡಿತು. ಸಮುದ್ರದ ಆಚೆ ದಡದ ಹಾಂಗ್‌ಕಾಂಗಿನಲ್ಲಿ ಕ್ಯಾಸಿನೊ ಇಲ್ಲ, ಸ್ಲಾಟ್ ಯಂತ್ರವೂ ಇಲ್ಲ. ಅಲ್ಲಿನ ರೇಸು ಇಂದಿಗೂ ಜಗತ್ತಿನ ಶ್ರೀಮಂತ ರೇಸುಗಳಲ್ಲಿ ಒಂದಾಗಿದೆ.

ಇಷ್ಟರಿಂದಲೇ ಕ್ಯಾಸಿನೊ ರೇಸನ್ನು ಕೊಂದಿತು ಎಂದು ಸಾಧಿಸಲು ಬರುವುದಿಲ್ಲ. ಸಿಂಗಪುರದಲ್ಲಿ ನೆಲದ ಬೆಲೆ, ಹೊಸ ಪೀಳಿಗೆಯ ಅಭಿರುಚಿ, ಕೊರೊನಾ ಇವೆಲ್ಲವೂ ಸೇರಿಕೊಂಡಿವೆ. ಅಲ್ಲಿ ಯಂತ್ರದ ಆದಾಯವನ್ನು ಬಹುಮಾನಕ್ಕೆ ಕಟ್ಟಿಹಾಕುವ ಅಮೆರಿಕದಂಥ ಏರ್ಪಾಡೂ ಇರಲಿಲ್ಲ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಎರಡನ್ನೂ ಹತ್ತಿರ ಹತ್ತಿರ ಇಟ್ಟಾಗ ಯಂತ್ರದಿಂದ ಎದ್ದು ಕುದುರೆಯ ಕಡೆ ಹೊಸಬರು ಬಂದ ನಿದರ್ಶನ ಸಿಂಗಪುರ, ಮಕಾವ್ ಎರಡರಲ್ಲೂ ಕಾಣುವುದಿಲ್ಲ.

ಹಾಂಗ್‌ಕಾಂಗಿನ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. 2006ರಲ್ಲಿ ಅಲ್ಲಿನ ಸರ್ಕಾರ ರೇಸಿನ ಸುಂಕವನ್ನು ಒಟ್ಟು ಪಣದ ಮೇಲಿನಿಂದ ತೆಗೆದು, ಗೆದ್ದವರಿಗೆ ಹಂಚಿದ ಮೇಲೆ ಕ್ಲಬ್ಬಿನಲ್ಲಿ ಉಳಿಯುವ ಮೊತ್ತದ ಮೇಲೆ ವಿಧಿಸಿತು. ಸುಂಕದ ದರ ಭಾರಿಯೇ, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ತೆರಿಗೆ ಎಲ್ಲಿ ಬೀಳಬೇಕು ಎಂಬುದನ್ನು ಬದಲಿಸಿದ್ದರಿಂದ ಕಳ್ಳ ಬುಕ್ಕಿಗಳ ಜೊತೆ ಸ್ಪರ್ಧಿಸಲು ಕ್ಲಬ್ಬಿಗೆ ಅವಕಾಶ ಸಿಕ್ಕಿತು.

ಹುಕ್ಕೇರಿ ಓದುಗ

ಮಹಾರಾಷ್ಟ್ರದಲ್ಲೂ ಕ್ಯಾಸಿನೊ ಕಾಯ್ದೆ ಇತ್ತೆಂದು ಕೇಳಿದ್ದೇನೆ. ಅದು ಏನಾಯಿತು, ಬಲ್ಲವರು ತಿಳಿಸಬೇಕು.

ವಿಜಯಪುರದ ವಕೀಲ

ಹುಕ್ಕೇರಿಯವರಿಗೆ: ಮಹಾರಾಷ್ಟ್ರ 1976ರಲ್ಲೇ ಕ್ಯಾಸಿನೊ ನಿಯಂತ್ರಣ ಮತ್ತು ತೆರಿಗೆ ಕಾಯ್ದೆಯನ್ನು ಅಂಗೀಕರಿಸಿತ್ತು, ಆದರೆ ಅದನ್ನು ಜಾರಿಗೆ ತರಲೇ ಇಲ್ಲ. 2023ರಲ್ಲಿ ಅದನ್ನು ರದ್ದುಪಡಿಸಲಾಯಿತು.

ಮುಖ್ಯ ವಿಷಯಕ್ಕೆ ಬರುತ್ತೇನೆ. ಇದುವರೆಗಿನ ಚರ್ಚೆ ಹಣದ ಸುತ್ತ ನಡೆದಿದೆ. ನನ್ನ ದೃಷ್ಟಿಯಲ್ಲಿ ಭಾರತದ ಸಂದರ್ಭದಲ್ಲಿ ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ನಮ್ಮಲ್ಲಿ ಮಟ್ಕಾ ಅಪರಾಧ, ಅಂದರ್ ಬಾಹರ್ ಅಪರಾಧ, ಲಾಟರಿಯನ್ನು ಕರ್ನಾಟಕ 2007ರಲ್ಲಿ ನಿಷೇಧಿಸಿತು. ಹೀಗಿರುವಾಗ ಕುದುರೆಯ ಮೇಲಿನ ಪಣ ಮಾತ್ರ ಹೇಗೆ ಉಳಿದುಕೊಂಡಿದೆ? ತಮಿಳುನಾಡು ಕುದುರೆ ರೇಸನ್ನು ನಿಲ್ಲಿಸಲು 1974ರಲ್ಲಿ ಕಾಯ್ದೆ ಮಾಡಿದಾಗ ವಿವಾದ ಸುಪ್ರೀಂ ಕೋರ್ಟ್ ತಲುಪಿತು. 1996ರ ಜನವರಿಯಲ್ಲಿ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ನ್ಯಾಯಾಲಯವು ಕುದುರೆಯ ತಳಿ, ತರಬೇತಿ, ಸವಾರನ ಚಾತುರ್ಯ ಮತ್ತು ಇವನ್ನೆಲ್ಲ ಅಳೆಯುವ ಪಣದಾರನ ತಿಳಿವಳಿಕೆ ಇವುಗಳನ್ನು ಪರಿಗಣಿಸಿ, ರೇಸಿನಲ್ಲಿ ಮೇಲುಗೈ ಕೌಶಲದ್ದೇ ಹೊರತು ಅದೃಷ್ಟದ್ದಲ್ಲ ಎಂದು ತೀರ್ಪಿತ್ತಿತು. ಆ ಒಂದು ಮಾತು ರೇಸಿನ ಪ್ರಾಣ. ಕರ್ನಾಟಕ ಪೊಲೀಸ್ ಕಾಯ್ದೆ, 1963 ಕೂಡ ಜೂಜನ್ನು ಶಿಕ್ಷಾರ್ಹಗೊಳಿಸುವಾಗ ಕುದುರೆ ರೇಸಿನ ಪಣಕ್ಕೆ ಷರತ್ತಿನ ಮೇಲೆ ವಿನಾಯಿತಿ ಇಟ್ಟಿದೆ.

ಯಂತ್ರದ ವಿಷಯದಲ್ಲಿ ನ್ಯಾಯಾಲಯದ ನೋಟವೇ ಬೇರೆ. ವಿಡಿಯೊ ಗೇಮ್ ಪಾರ್ಲರುಗಳ ಬಗ್ಗೆ ನಮ್ಮ ರಾಜ್ಯದಿಂದಲೇ ಹೋದ ಎಂ.ಜೆ. ಶಿವಾನಿ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಯಂತ್ರದೊಳಗೆ ಕೈಯಾಡಿಸಿ ಆಡುವವರ ಗೆಲುವನ್ನು ತಪ್ಪಿಸಲು ಸಾಧ್ಯವಿರುವುದನ್ನು ಗಮನಿಸಿ ಪರವಾನಗಿಯ ನಿಯಂತ್ರಣವನ್ನು ಎತ್ತಿಹಿಡಿಯಿತು. ಸ್ಲಾಟ್ ಯಂತ್ರವಂತೂ ಅಪ್ಪಟ ಅದೃಷ್ಟದ ವಸ್ತು. ಅಕ್ಕ ವಿವರಿಸಿದಂತೆ ಅಲ್ಲಿ ತಿಳಿದು ಆಡಲು ಏನೂ ಇಲ್ಲ.

ಈಗ ಎರಡನ್ನೂ ಒಂದೇ ಪರವಾನಗಿಯ ಅಡಿಯಲ್ಲಿ, ಒಂದೇ ಆವರಣದಲ್ಲಿ, ಒಂದರ ಆದಾಯದಿಂದ ಇನ್ನೊಂದು ಬದುಕುವಂತೆ ಕಟ್ಟಿದರೆ, ನಾಳೆ ರೇಸನ್ನು ನಿಷೇಧಿಸಬೇಕೆನ್ನುವ ಸರ್ಕಾರಿ ವಕೀಲರಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. "ನಿಮ್ಮದು ಕೌಶಲದ ಕ್ರೀಡೆ ಎನ್ನುತ್ತೀರಿ, ಆದರೆ ನಿಮ್ಮ ಬಹುಮಾನ ಬರುವುದೇ ಜೂಜಿನ ಯಂತ್ರದಿಂದ" ಎಂದು ಅವರು ಕೇಳಿದಾಗ ಕ್ಲಬ್ಬಿನ ಪರ ನಿಂತವರು ಕಷ್ಟಪಡಬೇಕಾಗುತ್ತದೆ. ಲಕ್ಷ್ಮಣನ್ ತೀರ್ಪು ಅದರಿಂದ ಬಿದ್ದುಹೋಗದಿರಬಹುದು. ಆದರೆ ಅದು ಕೊಟ್ಟ ಗೌರವದ ಅಂತರ ಅಳಿಸಿಹೋಗುತ್ತದೆ. ಆ ಗೆರೆ ಈಗಾಗಲೇ ಮಸುಕಾಗಿದೆ. ಜಿಎಸ್‌ಟಿ ವಿಧಿಸುವಾಗ ಕುದುರೆ ರೇಸು, ಕ್ಯಾಸಿನೊ, ಲಾಟರಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ನೆನಪಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ 2021ರ ಕರ್ನಾಟಕದ ತಿದ್ದುಪಡಿಯನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದಾಗ ಆನ್‌ಲೈನ್ ಆಟಗಳಿಗೂ ಇದೇ ಕೌಶಲದ ವಾದವೇ ಆಸರೆಯಾಗಿತ್ತು. ಗಾಳಿ ಈ ದಿಕ್ಕಿಗೆ ಬೀಸುತ್ತಿರುವಾಗ ರೇಸು ತನ್ನ ಕೈಯಾರೆ ಯಂತ್ರದ ಪಕ್ಕ ಹೋಗಿ ನಿಲ್ಲುವುದು ವಿವೇಕವೆಂದು ನನಗೆ ತೋರುವುದಿಲ್ಲ.

ರಾಯಬಾಗದ ಲಗಾಮು

ದೊಡ್ಡ ರೇಸಿನ ಒಳಹೊರಗು ನನಗೆ ತಿಳಿಯದು. ನಮ್ಮದು ಜಾತ್ರೆಯ ಕುದುರೆ ಗಾಡಿ ಶರ್ಯತ್ತು. ಆದರೂ ಕುದುರೆ ಸಾಕಿದವನಾಗಿ ಒಂದೆರಡು ಮಾತು ಹೇಳಬಹುದೆಂದುಕೊಂಡಿದ್ದೇನೆ.

ನಮ್ಮ ಶರ್ಯತ್ತಿಗೆ ಸರ್ಕಾರದ ಹಣವಿಲ್ಲ, ಟೋಟ್ ಇಲ್ಲ. ಜಾತ್ರಾ ಕಮಿಟಿ ಬಹುಮಾನ ಇಡುತ್ತದೆ, ಊರಿನವರು ಪಟ್ಟಿ ಕೊಡುತ್ತಾರೆ, ಗೆದ್ದವನಿಗೆ ನಗದೋ ಬೈಕೋ ಸಿಗುತ್ತದೆ. ಕದ್ದು ಪಣ ಕಟ್ಟುವವರು ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ರಸ್ತೆಯ ಎರಡೂ ಬದಿಗೆ ಮಂದಿ ನಿಲ್ಲುವುದು ಪಣಕ್ಕಾಗಿ ಅಲ್ಲ. ಯಾವ ಕುದುರೆ ಮೊದಲ ಹರದಾರಿಯಲ್ಲಿ ಬಿರುಸು, ಯಾವುದು ಕೊನೆಯಲ್ಲಿ ಎಳೆಯುತ್ತದೆ, ಯಾವ ಹುಡುಗ ಲಗಾಮು ಸಡಿಲ ಬಿಡುತ್ತಾನೆ ಎಂಬುದು ಶಾಲೆಯ ಹುಡುಗರಿಗೂ ಬಾಯಿಪಾಠ. ಬಹುಮಾನದಿಂದ ಕುದುರೆಯ ಖರ್ಚು ಹೊರಡುವುದಿಲ್ಲ. ಹುರುಳಿ, ಕಡಲೆ, ತವುಡು, ನಾಲ ಇವುಗಳ ಲೆಕ್ಕ ಹಾಕಿದರೆ ಮನೆಯವರು ಬೈಯುತ್ತಾರೆ. ಆದರೂ ಸಾಕುತ್ತೇವೆ.

ಎತ್ತಿನ ಗಾಡಿ ಓಟಕ್ಕೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ತಡೆ ಬಂದಾಗ ಅದು ಮತ್ತೆ ಎದ್ದದ್ದು ಯಾವುದೋ ಯಂತ್ರದ ಹಣದಿಂದಲ್ಲ. ನೋಡುವ ಮಂದಿ ಇದ್ದರು, ಅವರ ಮಾತು ವಿಧಾನಸಭೆಗೆ ಮುಟ್ಟಿತು, ಕಂಬಳದ ಜೊತೆಗೆ ಎತ್ತಿನ ಗಾಡಿ ಓಟಕ್ಕೂ 2017ರ ತಿದ್ದುಪಡಿ ಬಂತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠವೂ ಒಪ್ಪಿತು. ಖಾಲಿ ಗ್ಯಾಲರಿಯ ರೇಸಿಗೆ ನಾಳೆ ಕುತ್ತು ಬಂದರೆ ಬೀದಿಗೆ ಇಳಿಯುವವರು ಯಾರು? ಜಮಖಂಡಿಯ ಅಣ್ಣಾವ್ರು ನೋಡುಗರಿಲ್ಲದಿದ್ದರೂ ನಡೆದೀತು ಎಂದಿದ್ದಾರೆ, ಅದಕ್ಕೆ ಈ ಮಾತು.

ಇಳಕಲ್ಲಿನವ, ಈಗ ಪೆನ್ಸಿಲ್ವೇನಿಯಾ

ರಾಯಬಾಗದವರ ಪ್ರಶ್ನೆಗೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಉತ್ತರವಿದೆ. 1998ರಲ್ಲಿ ಅಲ್ಲಿನ ರೇಸ್ ಕೋರ್ಸುಗಳಲ್ಲಿ ಸರ್ಕಾರ ಸ್ಲಾಟ್ ಯಂತ್ರ ಇಟ್ಟಿತು. ಆದಾಯದಲ್ಲಿ ಶೇಕಡಾ 10 ರೇಸ್ ಕೋರ್ಸಿಗೆ, ಶೇಕಡಾ 10 ಕುದುರೆ ಮಾಲೀಕರ ಬಹುಮಾನಕ್ಕೆ, ಸ್ವಲ್ಪ ಪಾಲು ಸ್ಥಳೀಯ ಪುರಸಭೆಗೆ. ಕೊನೆಯ ವರ್ಷಗಳಲ್ಲಿ ಹೀಗೆ ರೇಸಿನ ಉದ್ಯಮಕ್ಕೆ ಬರುತ್ತಿದ್ದ ಹಣ ವರ್ಷಕ್ಕೆ ಸುಮಾರು 34.5 ಕೋಟಿ ಕೆನಡಾ ಡಾಲರ್. ಆ ಭರವಸೆಯ ಮೇಲೆ ರೈತರು ಲಾಯ ಕಟ್ಟಿದರು, ಹೆಣ್ಣು ಕುದುರೆಗಳನ್ನು ಕೊಂಡರು. 2012ರ ಮಾರ್ಚಿನಲ್ಲಿ ಸರ್ಕಾರ ಈ ಯೋಜನೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು, 2013ರ ಮಾರ್ಚ್ 31ಕ್ಕೆ ಅದು ಮುಗಿದೇಹೋಯಿತು. ಈ ಹಣ ಆಸ್ಪತ್ರೆ ಮತ್ತು ಶಾಲೆಗಳಿಗೆ ಬೇಕು ಎಂಬುದು ಸರ್ಕಾರದ ಮಾತಾಗಿತ್ತು. ಅದನ್ನು ಯಾವ ಸಾಮಾನ್ಯ ಮತದಾರ ತಾನೇ ಅಲ್ಲಗಳೆಯುತ್ತಾನೆ? ಮರಿ ಹುಟ್ಟಿ ಓಟಕ್ಕೆ ಸಿದ್ಧವಾಗಲು ಎರಡು ಮೂರು ವರ್ಷ ಬೇಕು. ಹೊಟ್ಟೆಯಲ್ಲಿದ್ದ ಮರಿಗಳಿಗೆ ಮಾರುಕಟ್ಟೆಯೇ ಇಲ್ಲದಂತಾಯಿತು, ತಳಿ ಸಾಕಣೆ ಕುಸಿಯಿತು. ಆಮೇಲೆ ಸರ್ಕಾರ ಬೇರೆ ರೂಪದಲ್ಲಿ ನೆರವು ಕೊಟ್ಟರೂ ಹಳೆಯ ಸ್ಥಿತಿ ಮರಳಲಿಲ್ಲ.

ಫ್ಲೋರಿಡಾದ ಕಥೆ ಇನ್ನೂ ವಿಚಿತ್ರ. ಅಲ್ಲಿ ಸ್ಲಾಟ್ ಪರವಾನಗಿ ಬೇಕಿದ್ದರೆ ಪಣದ ಕ್ರೀಡೆಯೊಂದನ್ನು ನಡೆಸಲೇಬೇಕೆಂಬ ಷರತ್ತಿತ್ತು. ಕ್ಯಾಲ್ಡರ್ ಎಂಬ ಹಳೆಯ ರೇಸ್ ಕೋರ್ಸು ತನ್ನ ಗ್ಯಾಲರಿಯನ್ನು ಕೆಡವಿ, 2019ರಲ್ಲಿ ಅಲ್ಲಿಯೇ ಒಂದು ಚಿಕ್ಕ ಹಾಯ್ ಅಲಾಯ್ ಅಂಗಳ ಕಟ್ಟಿತು. ಹಾಯ್ ಅಲಾಯ್ ಎಂದರೆ ಬೆತ್ತದ ಬಾಗಿದ ಬುಟ್ಟಿಯಿಂದ ಚೆಂಡನ್ನು ಗೋಡೆಗೆ ಹೊಡೆಯುವ ಸ್ಪೇನ್ ಮೂಲದ ಆಟ. ಅದೂ ಒಂದು ಕಾಲದಲ್ಲಿ ಮಯಾಮಿಯ ಜನಪ್ರಿಯ ಪಣದ ಕ್ರೀಡೆಯಾಗಿದ್ದು, 1988ರಲ್ಲಿ ಆರಂಭವಾದ ಆಟಗಾರರ ದೀರ್ಘ ಮುಷ್ಕರ ಮತ್ತು ಅದೇ ವರ್ಷ ಬಂದ ರಾಜ್ಯ ಲಾಟರಿಯಿಂದ ಸೊರಗಿತ್ತು. ಕುದುರೆಗಿಂತ ಆ ಆಟದ ಖರ್ಚು ಕಡಿಮೆ, ಅದರಿಂದಲೂ ಷರತ್ತು ಪೂರೈಸುತ್ತದೆ. 2020ರಲ್ಲಿ ಅಲ್ಲಿ ಕುದುರೆ ಓಟ ನಿಂತಿತು, ಯಂತ್ರಗಳು ನಿಲ್ಲಲಿಲ್ಲ. ಮರು ವರ್ಷ ಫ್ಲೋರಿಡಾ ಕಾಯ್ದೆ ಬದಲಿಸಿ, ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಕುದುರೆ ಓಟ ಬಿಟ್ಟು ಉಳಿದ ಕ್ರೀಡೆಗಳಿಗೆ ಆ ಷರತ್ತನ್ನೇ ತೆಗೆಯಿತು. ಕ್ರೀಡೆಗಾಗಿ ಯಂತ್ರ ಎಂದು ಶುರುವಾದದ್ದು ಯಂತ್ರಕ್ಕಾಗಿ ಕ್ರೀಡೆ ಎಂಬಲ್ಲಿಗೆ ಬಂದು ತಲುಪಲು ಹೆಚ್ಚು ಕಾಲ ಹಿಡಿಯಲಿಲ್ಲ.

ರಾಯಬಾಗದ ಲಗಾಮು

ಅಂದರೆ ಹಿಡಕಲ್ ಡ್ಯಾಮಿನ ನೀರು ನೆಚ್ಚಿ ಕಬ್ಬು ಹಚ್ಚಿದ ಹಾಗಾಯಿತು. ಬಾವಿ ಮುಚ್ಚಿದವನು ಗೇಟ್ ತೆಗೆಯುವವರ ದಾರಿ ಕಾಯಬೇಕು.

ಜಮಖಂಡಿ ಮಂದಿ

ಒಂಟಾರಿಯೊದ ಸರ್ಕಾರ ಮಾತು ಮುರಿದರೆ ಅದು ಯಂತ್ರದ ದೋಷವಲ್ಲ. ಬಹುಮಾನದ ಪಾಲನ್ನು ಕಾಯ್ದೆಯಲ್ಲಿಯೇ ಬರೆದು, ಪ್ರತ್ಯೇಕ ಟ್ರಸ್ಟ್ ಮಾಡಿ, ಬೇರೆ ಕೆಲಸಕ್ಕೆ ಬಳಸಲು ಬಾರದಂತೆ ಕಟ್ಟುನಿಟ್ಟು ಮಾಡಲು ಸಾಧ್ಯವಿಲ್ಲವೇ? ವಕೀಲರು ಹೇಳಬೇಕು. ಕೌಶಲದ ಬಗ್ಗೆ ಅವರು ಬರೆದದ್ದನ್ನು ಓದಿ ನನ್ನ ಉತ್ಸಾಹ ಸ್ವಲ್ಪ ತಗ್ಗಿದೆ, ಆದರೆ ಸೈಸ್‌ಗಳ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ವಿಜಯಪುರದ ವಕೀಲ

ಬರೆಯಬಹುದು, ಆದರೆ ಇಂದಿನ ಶಾಸನಸಭೆ ನಾಳಿನ ಶಾಸನಸಭೆಯ ಕೈ ಕಟ್ಟಲಾರದು. ಪೆನ್ಸಿಲ್ವೇನಿಯಾದಲ್ಲಿ ಸ್ಲಾಟ್ ಆದಾಯದಿಂದ ರೇಸಿಗೆ ಹೋಗುವ ನಿಧಿಗೆ ಟ್ರಸ್ಟಿನ ರೂಪ ಕೊಟ್ಟ ಮೇಲೂ, 2020ರಲ್ಲಿ ಅಲ್ಲಿನ ಗವರ್ನರ್ ಅದರಿಂದ ವರ್ಷಕ್ಕೆ ಸುಮಾರು 20 ಕೋಟಿ ಡಾಲರನ್ನು ವಿದ್ಯಾರ್ಥಿವೇತನಕ್ಕೆ ತಿರುಗಿಸುವ ಪ್ರಸ್ತಾವ ಮುಂದಿಟ್ಟರು. ಅದು ಅಂಗೀಕಾರವಾಗಲಿಲ್ಲ, ಆದರೆ ರೇಸಿನವರು ಹೋರಾಡಬೇಕಾಯಿತು. ನಮ್ಮಲ್ಲಿ ಬರಗಾಲದ ವರ್ಷದಲ್ಲಿ ಕುದುರೆಯ ಬಹುಮಾನಕ್ಕೆ ಮೀಸಲಾದ ಹಣವನ್ನು ಯಾವ ಹಣಕಾಸು ಸಚಿವರು ಮುಟ್ಟದೆ ಬಿಟ್ಟಾರು?

ಸೈಸ್‌ಗಳ ಪ್ರಶ್ನೆಗೆ ನನ್ನ ಉತ್ತರ ಮಾಸ್ತರರ ಮೊದಲ ಲೆಕ್ಕದಲ್ಲೇ ಇದೆ. 2021ರ ಜೂನ್‌ನಲ್ಲಿ ಬೆಂಗಳೂರು ಮತ್ತು ಮೈಸೂರಿನ ಕ್ಲಬ್ಬುಗಳ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವು, ಟೋಟಿನಲ್ಲಿ ಕ್ಲಬ್ಬಿಗೆ ಸಿಗುವುದು ಕಮಿಷನ್ ಮಾತ್ರವಾದ್ದರಿಂದ ತೆರಿಗೆಯನ್ನೂ ಅಷ್ಟಕ್ಕೇ ವಿಧಿಸಬೇಕೆಂದು ಹೇಳಿತ್ತು. 2023ರಲ್ಲಿ ಜಿಎಸ್‌ಟಿ ಮಂಡಳಿ ಪೂರ್ಣ ಪಣದ ಮೇಲೆಯೇ ತೆರಿಗೆ ಎಂದು ಮತ್ತೊಮ್ಮೆ ನಿರ್ಧರಿಸಿತು. ಆ ಮಂಡಳಿಯಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ಸ್ಲಾಟ್ ಯಂತ್ರ ತರಲು ಪೊಲೀಸ್ ಕಾಯ್ದೆಯನ್ನೂ ರೇಸ್ ಕೋರ್ಸ್ ಪರವಾನಗಿಯ ಕಾಯ್ದೆಯನ್ನೂ ತಿದ್ದಬೇಕು. ಹಾಂಗ್‌ಕಾಂಗ್ ಮಾಡಿದಂತೆ ತೆರಿಗೆಯ ತಳಹದಿಯನ್ನು ಬದಲಿಸಲು ಮಂಡಳಿಯ ಶಿಫಾರಸು ಸಾಕು, ದರ 40 ಇದ್ದರೂ ಚಿಂತೆಯಿಲ್ಲ. ಮಾಸ್ತರರ ಉದಾಹರಣೆಯಲ್ಲಿ ಆಗ ತೆರಿಗೆ 40 ರೂಪಾಯಿಯಲ್ಲ, 8 ರೂಪಾಯಿ.

ಖಾನಾಪುರ ರಸ್ತೆಯ ಅಕ್ಕ

ಎಂಟು ರೂಪಾಯಿ ಎಂದರೆ ಬುಕ್ಕಿಯ ಫೋನಿಗೂ ಕೌಂಟರಿಗೂ ಇರುವ ಅಂತರ ಬಹಳಷ್ಟು ಕಡಿಮೆಯಾಗುತ್ತದೆ, ರಸೀದಿಯೂ ಸಿಗುತ್ತದೆ. ಆದರೆ ಸರ್ಕಾರದ ಪಟ್ಟಿಯಲ್ಲಿ ಆ 32 ರೂಪಾಯಿ ನಷ್ಟವೆಂದೇ ಕಾಣುತ್ತದೆ. ಕೌಂಟರಿಗೆ ಬಾರದೆ ಹೋದ ಪಣ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಲೆಕ್ಕಪತ್ರದವರಿಗೆ ಇದನ್ನು ಒಪ್ಪಿಸುವುದು ಯಂತ್ರ ತರಿಸುವುದಕ್ಕಿಂತ ಕಷ್ಟದ ಕೆಲಸ ಎಂದು ಆ ಕೆಲಸ ಮಾಡಿದವಳಾಗಿ ಹೇಳುತ್ತೇನೆ.

ಜಮಖಂಡಿ ಮಂದಿ

ಆ ಕಷ್ಟದ ಕೆಲಸ ಮುಗಿಯುವವರೆಗೆ ಲಾಯದಲ್ಲಿ ಎಷ್ಟು ಜನ ಉಳಿದಿರುತ್ತಾರೆ ಎಂಬುದು ನನ್ನ ಚಿಂತೆ. ಅದರ ಬಗ್ಗೆ ಬೆಂಗಳೂರು, ಮೈಸೂರು, ಪುಣೆಯ ಲಾಯಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯವರು ಯಾರಾದರೂ ಇಲ್ಲಿ ಓದುತ್ತಿದ್ದರೆ ದಯವಿಟ್ಟು ಬರೆಯಬೇಕು.